ಬಾಳೆಯೋ, ಮುಳ್ಳಿನ ಮರವೋ

ನನ್ನ ಗಂಡನಿಗೆ ಮಂಗಳೂರಿನಲ್ಲಿ ಬಾಳೆಹಣ್ಣಿನ ಅಂಗಡಿ ಇತ್ತು. ಸಂಜೆ ಮಗ್ರಿಬ್ ನಮಾಜು ಮುಗಿಸಿ, ನೇತುಹಾಕಿದ ಗೊನೆಗಳ ಕೆಳಗೆ ಕೂತು ದಿನಾ ಕುರ್‌ಆನಿನ ವಾಕಿಅ ಸೂರಾ ಓದುತ್ತಿದ್ದರು. ಅದನ್ನು ಓದಿದರೆ ಬಡತನ ಬರುವುದಿಲ್ಲ ಎಂದು ನಂಬಿಕೆ. ಬಡತನ ಬಂತು, ಓದುವುದು ನಿಲ್ಲಲಿಲ್ಲ. ಅದರಲ್ಲಿ ಎಂತ ಉಂಟು ಎಂದು ಒಮ್ಮೆ ಕೇಳಿದ್ದೆ. ಬರಕತ್ ಉಂಟು ಎಂದರು. ಮದರಸದಲ್ಲಿ ನಮಗೆ ಅರಬಿ ಅಕ್ಷರ ಕೂಡಿಸಲು ಕಲಿಸಿದ್ದರು, ಅರ್ಥ ಕಲಿಸಿರಲಿಲ್ಲ.

ಅವರು ತೀರಿಕೊಂಡ ಮೇಲೆ, ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಕ್ಕೆ, ಮಗ ನನ್ನನ್ನು ಕತಾರಿಗೆ ಕರೆಸಿಕೊಂಡ. ಅಲ್ ಮುಂತಜಾ ಬಡಾವಣೆಯ ನಮ್ಮ ಹಳೆಯ ಕಟ್ಟಡದಲ್ಲಿ ಒಬ್ಬರು ಮಲಯಾಳಿ ಟೀಚರ್ ಹೆಂಗಸರನ್ನು ಕೂರಿಸಿಕೊಂಡು ಕುರ್‌ಆನಿನ ಅರ್ಥ ಹೇಳುತ್ತಿದ್ದರು. ನನ್ನದು ಬ್ಯಾರಿ ಭಾಷೆ, ಮಲಯಾಳ ತಿಳಿಯುತ್ತದೆ. ಬೇರೆ ಕೆಲಸ ಇರಲಿಲ್ಲ, ಹೋದೆ.

ಒಂದು ದಿನ ವಾಕಿಅ ಬಂತು. ಸ್ವರ್ಗದ ಮರಗಳ ಮಾತು. ‘ತಲ್‌ಹ್’ ಎಂದರೆ ಬಾಳೆ ಎಂದರು ಟೀಚರ್. ಮುಂದಿನ ಪದಕ್ಕೆ ಒಂದರ ಮೇಲೊಂದು ಜೋಡಿಸಿಟ್ಟದ್ದು ಎಂದು ಅರ್ಥವಂತೆ. ಚಿಪ್ಪಿನ ಮೇಲೆ ಚಿಪ್ಪು, ಮತ್ತೆಂತದು? ಈ ಮನುಷ್ಯ ಗೊನೆಯ ಕೆಳಗೆ ಕೂತು ಅಷ್ಟು ವರ್ಷ ಬಾಳೆಯ ಹೆಸರೇ ಹೇಳಿದ್ದರು. ಅವರಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಸುಡಾನಿ ಹೆಂಗಸು ಪಾತ್ರೆ ವಾಪಸು ಕೊಡಲು ಬಂದವಳು ಆ ಪದ ಕೇಳಿ ಬಾಗಿಲಲ್ಲೇ ನಿಂತಳು. ಬಾಳೆಯಲ್ಲ, ತಲ್‌ಹ್ ನಮ್ಮೂರಿನ ಮುಳ್ಳಿನ ಮರ, ಒಂಟೆ ಮೇಯುತ್ತದೆ ಎಂದು ಅರಬಿಯಲ್ಲಿ ಹೇಳಿದ್ದನ್ನು ಟೀಚರ್ ನಮಗೆ ತಿಳಿಸಿದರು.

“ಮುಳ್ಳನ್ನು ಯಾರು ಚಿಪ್ಪು ಲೆಕ್ಕದಲ್ಲಿ ಜೋಡಿಸಿಡುತ್ತಾರೆ ಮಾರಾಯ್ತಿ?” ಎಂದೆ.

ಟೀಚರ್ ಅದನ್ನು ಅವಳಿಗೆ ತಿಳಿಸಿದರು. ಸ್ವರ್ಗದಲ್ಲಿ ಅದಕ್ಕೆ ಮುಳ್ಳು ಇರುವುದಿಲ್ಲ, ಹೂವೇ ಸಾಲಾಗಿ ತುಂಬಿರುತ್ತದೆ, ನಿಮ್ಮೂರಿನವರಿಗೆ ಸ್ವರ್ಗದಲ್ಲೂ ಹೊಟ್ಟೆಯದೇ ಚಿಂತೆ ಎಂದು ಅವಳು ನಕ್ಕಳು. ಹಿಂದಿನ ಪಂಡಿತರು ಎರಡನ್ನೂ ಹೇಳಿದ್ದಾರೆ, ಬಾಳೆ ಎಂದವರು ಹೆಚ್ಚು ಎಂದು ಟೀಚರ್ ಮಾತು ಮುಗಿಸಿದರು.

ನನಗೆ ಮುಗಿಯಲಿಲ್ಲ. ಆ ಶುಕ್ರವಾರ ಅಲ್ ಖೋರಿನ ನೆಂಟರ ಮನೆಗೆ ಹೋಗುವಾಗ ದಾರಿಯ ಬದಿ ಅಂಥದೇ ಮುಳ್ಳಿನ ಮರ ಕಂಡಿತು. ಮಗನಿಗೆ ಕಾರು ನಿಲ್ಲಿಸಲು ಹೇಳಿ ಇಳಿದೆ. ಕೊಡೆಯ ಹಾಗೆ ಹರಡಿದ್ದ ಕುಳ್ಳ ಮರ, ಮೈತುಂಬ ಬಿಳಿ ಮುಳ್ಳು. ಯಾರಿಗೂ ಮಾರಲು ಬರುವಂಥದ್ದು ಒಂದೂ ಇರಲಿಲ್ಲ.

“ಜಾಲಿ ಮರ ಅದು, ಉಮ್ಮ. ಯಲ್ಲಾ, ಬೇಗ ಕಾರು ಹತ್ತಿ,” ಎಂದ ಮಗ.

ಬಾಳೆ ಎಂದು ಗೊತ್ತಾಗಿದ್ದರೆ ಆ ಮನುಷ್ಯ ಅಂಗಡಿಯ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಮುಳ್ಳಿನ ಮರ ಎಂದಾಗಿದ್ದರೆ ಒಂದು ವಾರ ನಗುತ್ತಿದ್ದರು. ಅವರಿಗೆ ಯಾವುದಾದರೂ ಒಂದು ಅರ್ಥ ಸಿಗಬೇಕಿತ್ತು. ಕಾರಿನಲ್ಲಿ ಇದನ್ನು ಹೇಳಿದಾಗ ಮಗ ಸಮಾಧಾನ ಮಾಡಲು ನೋಡಿದ.

“ಅಬ್ಬ ಓದಿದ್ದು ಅಲ್ಲಾಹನಿಗೆ ಅರ್ಥ ಆಗಿದೆ. ಸಾಲದಾ?”

“ಅವನಿಗೆ ಮೊದಲೇ ಗೊತ್ತುಂಟು,” ಎಂದೆ. “ನಿನ್ನ ಅಬ್ಬನಿಗೆ ಗೊತ್ತಾಗಲಿಲ್ಲ.”