ಸಿದ್ದಮ್ಮನ ಹೊಸ ಬಾಗಿಲು

ವಿರಾಜಪೇಟೆಯ ಸಿದ್ದಮ್ಮನಿಗೆ ಹೊಸದು ಅಂತ ಬದುಕಿನಲ್ಲಿ ಸಿಕ್ಕಿದ್ದು ಕಡಿಮೆ. ಮದುವೆಗೆ ಉಟ್ಟ ಸೀರೆ ಅಕ್ಕನದು. ಬಚ್ಚಲ ಹಂಡೆ ಅತ್ತೆಯದು. ಗಂಡ ಪೊನ್ನಪ್ಪನೂ ಹೊಸಬನೇನಲ್ಲ; ಮೊದಲ ಹೆಂಡತಿ ತೀರಿಕೊಂಡ ಮೇಲೆ ಸಂಪಾಜೆ ಕಡೆಯಿಂದ ಇವಳನ್ನು ಮಾಡಿಕೊಂಡು ಬಂದವನು. ಹಾಗಾಗಿ, ಬಾಡಿಗೆ ಬಿಡಾರ ಸಾಕು, ಸ್ವಂತ ಮನೆ ಕಟ್ಟೋಣ ಅಂತ ಅವನು ಬಾಯಿ ಬಿಟ್ಟ ದಿನವೇ ಅವಳು ಷರತ್ತು ಹಾಕಿದಳು.

“ಗೋಡೆ ಹೇಗಾದ್ರೂ ಇರ್ಲಿ, ಮಾಡು ಹೇಗಾದ್ರೂ ಇರ್ಲಿ. ಮುಂಬಾಗಿಲು ಮಾತ್ರ ನಂಗೆ ಹೊಸದೇ ಆಗ್ಬೇಕು. ಇನ್ನೊಬ್ಬರ ಹೊಸ್ತಿಲಿಗೆ ನಾನು ಅರಿಸಿನ ಹಚ್ಚೂದಿಲ್ಲ.”

“ಆತು ಮಾರಾಯ್ತಿ,” ಅಂದ ಪೊನ್ನಪ್ಪ. ಅವನ ಬಾಯಿಂದ ‘ಆತು’ ಬಂದರೆ ಒಂದು ಮಳೆಗಾಲವಾದರೂ ಕಾಯಬೇಕೆಂದು ಅವಳಿಗೆ ಗೊತ್ತಿತ್ತು.

ಪೊನ್ನಪ್ಪನದು ಎತ್ತಿನಗಾಡಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಪೇಟೆಯ ಸಾಹುಕಾರರಿಗೆಲ್ಲ ಸಿಮೆಂಟಿನ ಹುಚ್ಚು ಹಿಡಿದಿತ್ತು. ಅಜ್ಜ ಕಟ್ಟಿದ ಮನೆ ಕೆಡವುವುದು, ಆ ಜಾಗದಲ್ಲಿ ತಾರಸಿಯ ಅಂಗಡಿ ಎಬ್ಬಿಸುವುದು. ಕೆಡವಿದ್ದನ್ನೆಲ್ಲ ಗಾಡಿಗೆ ತುಂಬಿ ತೋಡಿಗೆ ಸುರಿದು ಬರುವುದು ಪೊನ್ನಪ್ಪನ ಕೆಲಸ. ಸುರಿದ, ಸುರಿದ, ತೋಡಿನ ನೀರು ಕೆಂಪಾಯಿತು. ಬಟ್ಟೆ ಒಗೆಯುವ ಹೆಂಗಸರು ಅವನ ಏಳು ತಲೆಮಾರನ್ನು ಜಾಲಾಡಿದರು. ಎಲ್ಲರಿಗಿಂತ ದೊಡ್ಡ ಗಂಟಲು ಸಿದ್ದಮ್ಮನದೇ.

“ತೋಡಿಗೆ ಹಾಕಬೇಡಿ ಅಂದೆನಲ್ಲ, ಬೇರೆ ಎಲ್ಲಿಗಾದ್ರೂ ಹಾಕಿ!”

ಅವನು ಗಾಡಿಯನ್ನು ಸೀದಾ ಮನೆ ಕಟ್ಟಲಿಕ್ಕೆ ಇಟ್ಟಿದ್ದ ತನ್ನ ನಿವೇಶನಕ್ಕೆ ತಿರುಗಿಸಿದ. ತಪ್ಪು ಯಾರದು ಹೇಳಿ?

ಬಿದ್ದ ಗೋಡೆಗಳ ಮಣ್ಣನ್ನೇ ನೆನೆಹಾಕಿ, ತುಳಿದು, ಹೊಸ ಗೋಡೆ ಎದ್ದಿತು. ಒಡೆಯದೆ ಉಳಿದ ಹಂಚು ಮಾಡಿಗೆ ಏರಿತು. ಕಿಟಕಿಗಳಂತೂ ಒಂದೊಂದು ಒಂದೊಂದು ಮನೆಯದು, ಒಂದನ್ನೊಂದು ಹೋಲುತ್ತಿರಲಿಲ್ಲ. ಅಡುಗೆಮನೆಯ ಕಿಟಕಿ ಹಳೇ ಔಷಧದ ಅಂಗಡಿಯದು, ಕೈ ತೂರುವಷ್ಟು ಕಂಡಿ ಇರುವಂಥದ್ದು. ಪಕ್ಕದ ಮನೆಯ ಶಕುಂತಲಮ್ಮ ದಿನಾ ಬೆಳಿಗ್ಗೆ ಅದರಲ್ಲಿ ಕೈ ಚಾಚಿ, “ಕೆಮ್ಮಿಗೆ ಎಂತಾದ್ರೂ ಉಂಟಾ ಡಾಕ್ಟ್ರೇ?” ಅಂತ ಕೇಳಿ ನಗುವಳು. ಸಿದ್ದಮ್ಮನ ಮೈಯೆಲ್ಲ ಉರಿಯುವುದು.

ಬಾಡಿಗೆ ಉಳಿಸಲಿಕ್ಕೆಂದು ಶಾಸ್ತ್ರಕ್ಕೆ ಮೊದಲೇ ಬಂದು ಇದ್ದರು; ಮುಂಬಾಗಿಲಿನ ಜಾಗದಲ್ಲಿ ಮಾತ್ರ ಗೋಣಿಚೀಲ ತೂಗುತ್ತಿತ್ತು. ನೆರೆಮನೆಯ ಕೋಳಿಗಳು ಗೃಹಪ್ರವೇಶವನ್ನು ಆಗಲೇ ಮುಗಿಸಿದ್ದವು. ಒಂದು ದಿನ ನಾಯಿ ಒಳಗೆ ನುಗ್ಗಿ ಒಣಮೀನು ಕಚ್ಚಿಕೊಂಡು ಹೋಯಿತು. ಸಿದ್ದಮ್ಮ ಸೆರಗು ಸಿಕ್ಕಿಸಿ, ಗಂಡ ಕೆಲಸ ಮಾಡುತ್ತಿದ್ದ ಕಡೆಗೇ ಜಗಳಕ್ಕೆ ಹೊರಟಳು.

ಅವತ್ತು ಕೆಡವುತ್ತಿದ್ದದ್ದು ಕರಿಮೆಣಸಿನ ವ್ಯಾಪಾರಿ ಕುಟ್ಟಪ್ಪನ ಮನೆ. ಅವನ ತಾಯಿ ತಂಗಮ್ಮ ಇದ್ದಷ್ಟು ಕಾಲ ಸಿದ್ದಮ್ಮ ಅಲ್ಲಿಗೆ ದಿನಾ ಹಾಲು ಕೊಟ್ಟವಳು. ಅಂಗಳದಲ್ಲಿ ಇಟ್ಟಿಗೆ ಗೂಡಿಗೆ ಹೋಗಲಿಕ್ಕಿದ್ದ ಸೌದೆಯ ರಾಶಿ ಬಿದ್ದಿತ್ತು. ಅದರ ಮೇಲೆ ಬಾಗಿಲು, ಬಾಗಿಲನ್ನು ಹಿಡಿದಿದ್ದ ದಾರಂದದ ಚೌಕಟ್ಟು. ಬೈಗುಳ ನಾಲಿಗೆಯ ತುದಿಯಲ್ಲಿದ್ದ ಸಿದ್ದಮ್ಮ ಗಕ್ಕನೆ ನಿಂತಳು.

ದಾರಂದದ ಒಂದು ಕಂಬಕ್ಕೆ ಕೆಳಗಿನಿಂದ ಮೇಲಕ್ಕೆ ಚೂರಿಯ ಗೀರುಗಳಿದ್ದವು. ಪ್ರತಿ ವರ್ಷ ಸುಗ್ಗಿಯ ಹುತ್ತರಿ ಹಬ್ಬಕ್ಕೆ ತಂಗಮ್ಮ ಮಕ್ಕಳನ್ನು ಅಲ್ಲಿ ನಿಲ್ಲಿಸಿ ಎತ್ತರ ಗುರುತು ಹಾಕುತ್ತಿದ್ದಳು. ಕುಟ್ಟಪ್ಪ ಒಂದು ಕ್ಷಣ ನೆಟ್ಟಗೆ ನಿಲ್ಲುವ ಹುಡುಗನಲ್ಲ. “ಸಿದ್ದೂ, ಇವನ ತಲೆ ಒಮ್ಮೆ ಹಿಡಿ ಮಾರಾಯ್ತಿ,” ಅಂತ ತಂಗಮ್ಮ ಕರೆಯುವಳು. ಇವಳು ಹಾಲಿನ ಪಾತ್ರೆ ಕೆಳಗಿಟ್ಟು, ಎಣ್ಣೆ ಹಚ್ಚಿದ ಆ ಬೆಚ್ಚಗಿನ ತಲೆಯನ್ನು ಕಂಬಕ್ಕೆ ಒತ್ತಿ ಹಿಡಿಯುವಳು. ಸಿದ್ದಮ್ಮನಿಗೆ ಮಕ್ಕಳಾಗಲಿಲ್ಲ. ಆ ಸಂಕಟವನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಹುತ್ತರಿಯ ದಿನ ಹಾಲು ಕೊಟ್ಟು ಬಂದಮೇಲೆ ಮಾತ್ರ ಅಂಗೈ ತೊಳೆಯಲಿಕ್ಕೆ ಮನಸ್ಸು ಬರುತ್ತಿರಲಿಲ್ಲ.

“ಇದನ್ನ ಗಾಡಿಗೆ ಹಾಕಿ,” ಅಂದಳು.

“ಎಂತದ್ನ?”

“ಈ ಬಾಗಿಲನ್ನ. ದಾರಂದಾನೂ.”

ಪೊನ್ನಪ್ಪ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ, ಮುಖ ಒರೆಸಿ, ಪುನಃ ಕಟ್ಟಿದ. “ಇನ್ನೊಬ್ಬರ ಹೊಸ್ತಿಲಿಗೆ ಅರಿಸಿನ ಹಚ್ಚೂದಿಲ್ಲ ಅಂತ ಯಾರೋ ಹೇಳ್ತಿದ್ರು. ಹೇಳೋದು ಪುರಾಣ, ತಿನ್ನೋದು...”

“ಬದನೆಕಾಯಿ ರಾತ್ರಿಗೆ ಮಾಡ್ತೇನೆ. ಈಗ ಎತ್ತಿ!”

ಬಡಗಿ ಲಿಂಗ ಬಂದು ದಾರಂದ ನಿಲ್ಲಿಸಿದ. ಉಳಿದದ್ದಕ್ಕೆಲ್ಲ ಕೀಸುಳಿ ಹಾಕಿ ನಯ ಮಾಡಿದ. ಗೀರಿನ ಕಂಬದ ಹತ್ತಿರ ಅವನ ಕೈ ಬಂದಾಗ ಸಿದ್ದಮ್ಮ ಅಡ್ಡ ನಿಂತಳು. ಮನೆ ಒಕ್ಕಲಿನ ಊಟಕ್ಕೆ ಬಂದವರು ಒಬ್ಬೊಬ್ಬರೂ ತಮ್ಮ ತಮ್ಮ ಹಳೇ ಮನೆಯ ಕಿಟಕಿ ಗುರುತಿಸಿ, ಪಾಯಸಕ್ಕಿಂತ ಹೆಚ್ಚು ಅದನ್ನೇ ಸವಿದರು.

ಕುಟ್ಟಪ್ಪನೂ ಬಂದ. ಹೊಸ್ತಿಲು ದಾಟಲು ಕಾಲೆತ್ತಿದವನು ಹಾಗೇ ನಿಂತ. ಬಗ್ಗಿ ನೋಡಿದ. ತನ್ನ ಸೊಂಟದ ಎತ್ತರಕ್ಕಿದ್ದ ಒಂದು ಗೀರಿನ ಮೇಲೆ ಬೆರಳಿಟ್ಟ. ಪೇಟೆಯಲ್ಲೇ ಎಲ್ಲಕ್ಕಿಂತ ಎತ್ತರದ ತಾರಸಿ ತನ್ನದು ಅಂತ ಬೀಗುತ್ತಿದ್ದ ದೊಡ್ಡ ಮನುಷ್ಯ ಕುಕ್ಕರಗಾಲಲ್ಲಿ ಕೂತು ಕೆಳಗಿನ ಗೀರುಗಳನ್ನೂ ಒಂದೊಂದಾಗಿ ಮುಟ್ಟಿದ.

“ಸಿದ್ದಮ್ಮಕ್ಕಾ, ಇದು ಅವ್ವ ಹಾಕಿದ ಗೀರು. ನಂಗೆ ತಲೆಯಲ್ಲೇ ಇರ್ಲಿಲ್ಲ. ನಿಮಗೆ ತೇಗದ್ದೇ ಹೊಸ ಬಾಗಿಲು ಮಾಡಿಸಿ ಕೊಡ್ತೇನೆ, ಹಿತ್ತಾಳೆ ಚಿಲಕ ಹಾಕಿಸಿ. ಇದನ್ನ ನಂಗೆ ಕೊಡಿ.”

ಪೊನ್ನಪ್ಪ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಬಯಸಿದ್ದ ಹೊಸ ಬಾಗಿಲು, ಅದೂ ತೇಗದ್ದು, ಕಾಲಬುಡಕ್ಕೇ ಬಂದು ನಿಂತಿತ್ತು. ಸಿದ್ದಮ್ಮನಿಗೆ ಆಸೆಯಾಯಿತು, ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವಳು ಕಂಬದ ಮೇಲೆ ಕೈಯಿಟ್ಟಳು.

“ಹೊಸ ಬಾಗಿಲಲ್ಲಿ ನಂಗೆ ಗುರ್ತದವರು ಯಾರಿದ್ದಾರೆ ಕುಟ್ಟಪ್ಪಾ? ಇದನ್ನ ಕೊಡೂದಿಲ್ಲ. ನಿನ್ನ ಮಗಳಿದ್ದಾಳಲ್ಲ, ಹುತ್ತರಿಗೆ ಕರ್ಕೊಂಡು ಬಾ.”

ಕುಟ್ಟಪ್ಪ ಮುನಿಸಿಕೊಂಡೇ ಹೋದ. ಆದರೆ ಹುತ್ತರಿಯ ಬೆಳಿಗ್ಗೆ ಮಗಳು ಯಮುನಳ ಕೈ ಹಿಡಿದುಕೊಂಡು ಬಂದ. ಅಪ್ಪನಿಗೆ ತಕ್ಕ ಮಗಳು. ಒಂದು ಕ್ಷಣ ನೆಟ್ಟಗೆ ನಿಲ್ಲುವುದಿಲ್ಲ. ಕುಟ್ಟಪ್ಪ ಚೂರಿ ಹಿಡಿದ. ಸಿದ್ದಮ್ಮ ಎಣ್ಣೆ ಹಚ್ಚಿದ ಆ ಪುಟ್ಟ ತಲೆಯನ್ನು ಕಂಬಕ್ಕೆ ಒತ್ತಿ ಹಿಡಿದಳು. ಹಳೇ ಗೀರುಗಳ ನಡುವೆ ಬೆಳ್ಳಗಿನ ಒಂದು ಗೀರು ಮೂಡಿತು.

“ಅಂತೂ ನಿನ್ನ ಬಾಗಿಲಿಗೆ ಒಂದು ಹೊಸದು ಬಂತಲ್ಲ,” ಅಂದ ಪೊನ್ನಪ್ಪ ಜಗಲಿಯಿಂದ.

“ಸುಮ್ನಿರಿ, ಮಗು ಅಲ್ಲಾಡ್ತದೆ,” ಅಂದಳು ಸಿದ್ದಮ್ಮ. ಗುರುತು ಹಾಕಿ ಆಗಿತ್ತು. ಅವಳು ಇನ್ನೂ ಕೈ ತೆಗೆದಿರಲಿಲ್ಲ.