ಕೊಟ್ಟ ದನಿಯನ್ನು ಕಿತ್ತುಕೊಂಡದ್ದು

ನಂಜನಗೂಡಿನಲ್ಲಿ ನನ್ನಂಥ ಗಂಟಲು ಇನ್ನೊಬ್ಬರಿಗಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಮಿಕ್ಕವರಿಗೆ ಹೊಟ್ಟೆಕಿಚ್ಚು. ತಾಂಡ್ಯದ ಕಾರ್ಖಾನೆಯಲ್ಲಿದ್ದಾಗ ಮ್ಯಾನೇಜರ್ ದನಿಯಲ್ಲಿ ಫೋನ್ ಮಾಡಿ ಇಡೀ ಪಾಳಿಯನ್ನು ಒಂದು ಗಂಟೆ ಮೊದಲೇ ಮನೆಗೆ ಕಳಿಸಿದವನು ನಾನು. ಮರುದಿನ ಮ್ಯಾನೇಜರೇ ಕರೆಸಿ, ಎಲ್ಲಿ ಇನ್ನೊಮ್ಮೆ ಮಾಡು ಎಂದು ಕೇಳಿ ನಕ್ಕರು. ಆಮೇಲೆ ಮೆಮೊ ಕೊಟ್ಟರು, ಅದು ಬೇರೆ ಮಾತು.

ನಿವೃತ್ತಿಯಾದ ಮೇಲೆ ಮೈಸೂರಿನ ಕಾಲೇಜೊಂದರ ಇಬ್ಬರು ಮೇಷ್ಟರು ನನ್ನನ್ನು ಹುಡುಕಿಕೊಂಡು ಬಂದರು. ಕಣ್ಣು ಕಾಣದವರಿಗೆ ಕಂಪ್ಯೂಟರಿನಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವನ್ನು ಅವರು ಮಾಡುತ್ತಿದ್ದರು. ಅದಕ್ಕೊಂದು ದನಿ ಬೇಕಿತ್ತು. ಹದಿನೈದು ದಿನ ಕೂತು ವಾಕ್ಯದ ಮೇಲೆ ವಾಕ್ಯ ಓದಿದೆ. ಇದನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಡುತ್ತೇವೆ, ಯಾರು ಬೇಕಾದರೂ ಬಳಸಬಹುದು, ದನಿ ಯಾರದೆಂದು ಹೇಳಿದರೆ ಸಾಕು ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ ನನ್ನ ಕೈ ಸುಮ್ಮನಿರಲಿಲ್ಲ. ನನ್ನ ಹೆಸರಿನ ಬದಲು ‘ಕಪಿಲೆಯ ಕೋಗಿಲೆ’ ಎಂದು ಗೀಚಿಕೊಟ್ಟೆ. ಅವರು ನೋಡದೆ ಮಡಿಚಿ ಜೇಬಿಗಿಟ್ಟುಕೊಂಡರು. ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕಿದ್ದೇ ನಕ್ಕಿದ್ದು.

ನಾಲ್ಕು ವರ್ಷವಾದ ಮೇಲೆ ಒಂದು ದಿನ, ಮೇಷ್ಟರಿಂದ ನನ್ನ ನಂಬರ್ ಪಡೆದು ಟಿ. ನರಸೀಪುರದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು.

“ಸಾ, ನೀವೇನಾ ನನ್ ಕಂಪ್ಯೂಟ್ರು?”

“ಹೌದು, ಕರೆಂಟ್ ಬಿಲ್ಲು ಕಟ್ಟಿದ್ದೀಯೇನಮ್ಮ?” ಎಂದೆ.

ಕಣ್ಣು ಕಾಣದ ಆಕೆ ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಬಸ್ಸು ಹತ್ತಿ ನೋಡಲು ಹೋದೆ. ನನ್ನ ದನಿಯನ್ನು ಮೂರು ಪಟ್ಟು ವೇಗದಲ್ಲಿ ಓಡಿಸಿ ಕಡತಗಳನ್ನು ಕೇಳಿಸಿಕೊಳ್ಳುತ್ತಿದ್ದಳು. “ದಿನಾ ನೂರ್ ಸಲ ನಿಮ್ ಬಾಯ್ ಮುಚ್ಚುಸ್ತೀನಿ ಕಣ್ ಸಾ,” ಎಂದು ನಕ್ಕಳು. “ಮೊದ್ಲು ಪಕ್ಕದೋರ್ನ ಓದ್ಕೊಡಿ ಅಂತ ಕೇಳ್ಬೇಕಿತ್ತು. ಒಬ್ರು ಕಾಪಿ ಕುಡ್ದು ಬತ್ತೀನಿ ಅನ್ನೋರು, ಇನ್ನೊಬ್ರು ಅರ್ಧ ಬುಟ್ಟು ಓದೋರು. ಈಗ ಯಾರ್ನೂ ಕೇಳಂಗಿಲ್ಲ.” ಬಡ್ತಿಗೆ ಬೇಕಾದ ಇಲಾಖಾ ಪರೀಕ್ಷೆಗೂ ನನ್ನ ದನಿಯಲ್ಲೇ ಓದುತ್ತಿದ್ದಳು.

ಊರೆಲ್ಲ ಇದನ್ನು ಹೇಳಿಕೊಂಡು ತಿರುಗಿದೆ. ಅಷ್ಟರಲ್ಲಿ ನಮ್ಮ ಪೇಟೆಯಲ್ಲಿ ಒಂದು ಆಟೊ ಬಂತು. ಅದರ ಮೈಕಿನಲ್ಲಿ ನನ್ನದೇ ದನಿ. ಇಲಿ, ಹೆಗ್ಗಣ, ತಿಗಣೆ, ಜಿರಲೆ, ಎಲ್ಲಕ್ಕೂ ಒಂದೇ ಔಷಧ! ಯಾರೋ ಆ ತಂತ್ರಾಂಶಕ್ಕೆ ಬರಹ ಕೊಟ್ಟು ಓದಿಸಿದ್ದರು. ದನಿ ಯಾರದೆಂದು ಎಲ್ಲೂ ಹೇಳಿರಲಿಲ್ಲ. ಟೀ ಅಂಗಡಿಯಲ್ಲಿ ನನ್ನ ಹಳೆಯ ಗೆಣೆಕಾರ ಕಾದಿದ್ದ.

“ಏನ್ಲಾ, ಇಲಿ ಪಾಷಾಣ ಮಾರಕ್ ಇಳ್ದ್‌ಬುಟ್ಟಾ? ನಿನ್ ದನಿ ಕೇಳ್ದೇಟ್ಗೆ ನಮ್ಮಟ್ಟಿ ಇಲಿ ಸತ್ತೋದೊ ಕಣ್ಲಾ. ಔಸ್ದಿನೇ ಬೇಕಾಗ್ನಿಲ್ಲ!”

ಅಂಗಡಿಗೆ ಅಂಗಡಿಯೇ ನಕ್ಕಿತು. ಜೀವಮಾನವೆಲ್ಲ ಊರನ್ನು ಗೇಲಿ ಮಾಡಿದವನಿಗೆ ಒಂದು ಗೇಲಿ ತಡೆಯಲಾಗಲಿಲ್ಲ. ಔಷಧದವನನ್ನು ಹುಡುಕುವ ಸಹನೆ ನನಗಿರಲಿಲ್ಲ. ಸೈಬರ್ ಅಂಗಡಿಗೆ ಹೋಗಿ, ದನಿಯನ್ನು ಇಟ್ಟಿದ್ದ ಜಾಲತಾಣಕ್ಕೇ ದೂರು ಕೊಟ್ಟೆ. ಬಳಸಲು ನೀವು ಒಪ್ಪಿಗೆ ಕೊಟ್ಟಿದ್ದಿರಾ ಎಂಬ ಪ್ರಶ್ನೆ ಇತ್ತು. ಇಲ್ಲ ಎಂದು ಬರೆಸಿದೆ. ಎಲ್ಲರನ್ನೂ ಒಂದಿಷ್ಟು ಕುಣಿಸೋಣ ಎಂಬ ಹುಮ್ಮಸ್ಸು.

ಕೆಲವೇ ದಿನದಲ್ಲಿ ಜಾಲತಾಣದವರು ಆ ಪುಟವನ್ನೇ ತೆಗೆದುಹಾಕಿದರು. ಮೇಷ್ಟರು ಒಪ್ಪಿಗೆ ಪತ್ರವನ್ನು ಹುಡುಕಿ ತೆಗೆದು ನೋಡಿದರೆ, ಅದರಲ್ಲಿದ್ದದ್ದು ಕೋಗಿಲೆ. ಅದನ್ನು ಯಾರಿಗೆ ತೋರಿಸುತ್ತಾರೆ?

ಆ ವಾರವೇ ಟಿ. ನರಸೀಪುರದ ಕಚೇರಿಗೆ ಹೊಸ ಕಂಪ್ಯೂಟರ್ ಬಂದು ಹಳೆಯದು ಗುಜರಿಗೆ ಹೋಗಿತ್ತು. ಆಕೆ ಫೋನ್ ಮಾಡಿದಳು. “ಸಾ, ನಿಮ್ ದನಿ ಇಳುಸ್ಕೊಳಾಣ ಅಂದ್ರೆ ಆ ಪುಟದಲ್ಲಿ ಏನೂ ಇಲ್ವಂತೆ. ನಿಮಗೇನಾರ ಗೊತ್ತಾ?”

ಗೊತ್ತಿಲ್ಲ ಎಂದೆ. ಇಷ್ಟು ವರ್ಷ ಹೇಳಿದ ಸುಳ್ಳುಗಳಲ್ಲಿ ಯಾರೂ ನಗದಿದ್ದದ್ದು ಅದೊಂದೇ.

ಅಂದೇ ದೂರನ್ನು ವಾಪಸ್ ಪಡೆದೆ. ಆದರೆ ದನಿಯನ್ನು ಮತ್ತೆ ಅಲ್ಲಿ ಇಡಬೇಕಾದವರು ಮೇಷ್ಟರು. ಮೈಸೂರಿಗೆ ಓಡಿ ಮೇಷ್ಟರ ಮುಂದೆ ನಿಂತು, ಈಗ ಸರಿಯಾದ ಸಹಿ ಹಾಕುತ್ತೇನೆ ಎಂದೆ. ಅವರಲ್ಲಿ ಹಿರಿಯರು ನನ್ನ ಮುಖ ನೋಡದೆ ಹೇಳಿದರು: “ಎಲ್ಲಾ ಅಳಿಸಿಬಿಟ್ವಿ ಯಜಮಾನ್ರೆ. ಕಾಲೇಜಿನೋರು ಇಟ್ಕೋಬೇಡಿ ಅಂದ್ರು. ನಾಳೆ ಮತ್ತೆ ನೀವು ಇಲ್ಲ ಅಂದ್ರೆ ನಾವೇನ್ ಮಾಡೋದು?” ಮತ್ತೆ ಓದಿಕೊಡುತ್ತೇನೆ ಎಂದು ಅಂಗಲಾಚಿದೆ. ಬೇರೆಯವರನ್ನು ಹುಡುಕಿದ್ದೇವೆ, ಅದಕ್ಕಿನ್ನೂ ವರ್ಷವಾಗುತ್ತದೆ ಎಂದರು.

ಟಿ. ನರಸೀಪುರಕ್ಕೆ ಹೋಗಿ ಆಕೆಗೆ ನಡೆದದ್ದೆಲ್ಲ ಹೇಳಿದೆ. ಆಕೆ ಬೈದಿದ್ದರೆ ಚೆನ್ನಾಗಿತ್ತು. ಪರೀಕ್ಷೆಗೆ ಹನ್ನೆರಡೇ ದಿನ ಉಳಿದಿತ್ತು.

“ದಿನಾ ಬಂದು ನಾನೇ ಓದಿ ಹೇಳ್ತೀನಿ ಕಣಮ್ಮ. ದನಿ ಅದೇ ಅಲ್ವಾ?” ಎಂದೆ.

“ನೀವು ಬತ್ತೀರಾ, ನಂಗೊತ್ತು,” ಎಂದಳು. “ಬರೋಗಂಟ ನಾನು ಬಾಗ್ಲು ಕಡೆ ಕಿವಿ ಕೊಟ್ಕಂಡು ಕೂತಿರ್ಬೇಕು. ಅಂಗ್ ಕೂರೋದ್ ಬುಟ್ಟು ನಾಕ್ ವರ್ಸ ಆಯ್ತು ಸಾ. ಬ್ಯಾಡ.”

ಹೊಸ ಕಂಪ್ಯೂಟರಿನಲ್ಲಿ ಇನ್ಯಾವುದೋ ದನಿ ಹಾಕಿಕೊಂಡಿದ್ದಳು. ಕನ್ನಡದ ಒತ್ತಕ್ಷರಗಳನ್ನೆಲ್ಲ ನುಂಗುವ ದನಿ. ಪರೀಕ್ಷೆಗೆ ಓದಬೇಕಾದ ನಿಯಮವೊಂದನ್ನು ಓದಿಸಿದಳು, ತಿಳಿಯಲಿಲ್ಲ. ಮತ್ತೆ ಓದಿಸಿದಳು. ಮೂರನೆಯ ಸಲಕ್ಕೆ ನನಗೆ ತಿಳಿಯಿತು, ಹೇಳಲು ಬಾಯಿ ತೆರೆದೆ. ಆಕೆ ಅಂಗೈ ಎತ್ತಿ ನನ್ನನ್ನು ತಡೆದು, ನಾಲ್ಕನೆಯ ಸಲ ಗುಂಡಿ ಒತ್ತಿದಳು.