ಲಗಮವ್ವನ ಮಜ್ಜಿಗೆ ಮತ್ತು ಫೌಜದಾರರ ಸೀಟಿ

ತುಬಚಿಯ ಕುರಿಗಾರ ಅಮಸಿದ್ದಪ್ಪನ ಮಗಳು ಲಗಮವ್ವನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಹದಿನೆಂಟು ದಿನ ಜ್ವರ ಬಂತು. ಜ್ವರ ಇಳಿದ ಮುಂಜಾನೆ ಎದ್ದು ಕುಳಿತವಳೇ, "ಯಪ್ಪಾ, ಕುರಿ ಯಾಕ ಒದರವಲ್ಲವು?" ಎಂದು ಕೇಳಿದಳು. ಕುರಿಗಳು ಒದರುತ್ತಲೇ ಇದ್ದವು. ಅಮಸಿದ್ದಪ್ಪ ಬೀರೇಶ್ವರನಿಗೆ ಹರಕೆ ಹೊತ್ತ. ಒಬ್ಬ ವೈದ್ಯ ಕಿವಿಗೆ ಬಳ್ಳೊಳ್ಳಿ ಎಣ್ಣೆ ಬಿಟ್ಟ, ಇನ್ನೊಬ್ಬ ಬಂದು ಆ ಎಣ್ಣೆ ಬಿಟ್ಟದ್ದೇ ತಪ್ಪೆಂದು ಬೇರೆ ಎಣ್ಣೆ ಬಿಟ್ಟ. ಕೇಳುವ ಶಕ್ತಿ ತಿರುಗಿ ಬರಲಿಲ್ಲ.

ಮಾತು ಮಾತ್ರ ಉಳಿಯಿತು. ಆದರೆ ತನ್ನ ದನಿ ತನಗೇ ಕೇಳದಿರುವಾಗ ಎಷ್ಟು ಗಟ್ಟಿಯಾಗಿ ಮಾತಾಡಬೇಕು ಎಂಬುದು ತಿಳಿಯುವುದು ಹೇಗೆ? ಯಾವುದಕ್ಕೂ ಇರಲಿ ಎಂದು ಲಗಮವ್ವ ಪೂರ್ತಿ ಗಟ್ಟಿಯಾಗಿಯೇ ಮಾತಾಡುತ್ತಿದ್ದಳು. ಒಮ್ಮೆ ಕೃಷ್ಣಾ ಹೊಳೆಯ ದಂಡೆಯಲ್ಲಿ ನಿಂತು ತಪ್ಪಿಸಿಕೊಂಡ ಟಗರನ್ನು "ಬಾರಲೇ ಈ ಕಡೆ!" ಎಂದು ಕೂಗಿದಾಗ, ಆಚೆ ದಂಡೆಯ ಅಂಬಿಗ ಗಾಬರಿಯಾಗಿ ನಾವೆ ಬಿಚ್ಚಿಕೊಂಡು ಬಂದುಬಿಟ್ಟಿದ್ದ.

ಬನಹಟ್ಟಿಯ ಪಾಂಡಪ್ಪನೊಂದಿಗೆ ಅವಳ ಮದುವೆಯಾಯಿತು. ಪಾಂಡಪ್ಪ ಸಾವಕಾರ ಮಹಾಲಿಂಗಪ್ಪನ ಪವರ್‌ಲೂಮ್ ಕಾರ್ಖಾನೆಯಲ್ಲಿ ನೂಲಿನ ಗಂಟು ಹೊರುವ ಹಮಾಲ. ಬಾಯಿ ತೆರೆದರೆ ಎಲ್ಲಿ ಖರ್ಚಾಗುವುದೋ ಎನ್ನುವಂತೆ ಮಾತಾಡುವ ಮನುಷ್ಯ. "ಆಕಿಗೆ ಕೇಳೂದಿಲ್ಲ, ಇಂವ ಹೇಳೂದಿಲ್ಲ. ಜಗಳಾ ಹೆಂಗ ಆಕ್ಕಾವ?" ಎಂದು ಓಣಿಯವರು ನಗುತ್ತಿದ್ದರು. ಜಗಳ ಆಗುತ್ತಿತ್ತು. ಲಗಮವ್ವ ಒಬ್ಬಳೇ ಇಬ್ಬರ ಪರವಾಗಿಯೂ ಮಾಡುತ್ತಿದ್ದಳು, ಮತ್ತು ಒಮ್ಮೊಮ್ಮೆ ನ್ಯಾಯವಾಗಿ ಗಂಡನನ್ನೇ ಗೆಲ್ಲಿಸುತ್ತಿದ್ದಳು.

ತವರಿನಿಂದ ಎರಡು ಎಮ್ಮೆ ಬಂದಿದ್ದವು. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದು ಮೂರು ವರ್ಷವಾಗಿದ್ದ ಒಂದು ಬೇಸಿಗೆಯಲ್ಲಿ ಲಗಮವ್ವ ಮಜ್ಜಿಗೆ ಮಾರಲು ಹೊರಟಳು. ತಲೆಯ ಮೇಲೆ ಗಡಿಗೆ, ಸೊಂಟದಲ್ಲಿ ಮಜ್ಜಿಗೆ ಹಾಕಿಕೊಡುವ ಹಿತ್ತಾಳೆ ಲೋಟ, ವಾಟಗ. "ಮಜ್ಜಿಗೀಽಽ!" ಎಂದು ಮೊದಲ ಕೂಗು ಹಾಕಿದಾಗ ಓಣಿಯ ಕೊನೆಯ ಮನೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮುದುಕನೊಬ್ಬ ಎದ್ದು, ಬೆಂಕಿ ಬಿದ್ದಿದೆಯೆಂದು ಹಾಸಿಗೆ ಸುತ್ತಿಕೊಂಡು ಹೊರಗೆ ಬಂದ. ಮಗ್ಗಕ್ಕೆ ಕುಳಿತಿದ್ದ ಅನಸವ್ವ ಬೆಚ್ಚಿ ಲಾಳಿ ಎಳೆದ ರಭಸಕ್ಕೆ ನಾಲ್ಕು ಎಳೆ ಹರಿದವು.

ಕೂಗಿಗೆ ಜನ ಬಂದರು, ನಿಜ. ಆದರೆ ಅವರು ಬರುತ್ತಿದ್ದುದು ಹಿಂದಿನಿಂದ. ಲಗಮವ್ವ ಕೂಗುತ್ತ ಮುಂದೆ, "ಏ ಮಜ್ಜಿಗಿ, ನಿಂದರಬೇ!" ಎಂದು ತಂಬಿಗೆ ಹಿಡಿದವರು ಹಿಂದೆ. ಅವಳಿಗೆ ಕೇಳದು, ಅವಳು ನಿಲ್ಲಳು. ಬಿಸಿಲಿಗೆ ಬೇಗ ಬೇಗ ನಡೆಯುವ ರೂಢಿ ಬೇರೆ. ಮೂರು ಓಣಿ ದಾಟುವಷ್ಟರಲ್ಲಿ ಹದಿನೈದು ಜನರ ಸಾಲಾಯಿತು. ಏನೋ ಮೆರವಣಿಗೆಯೆಂದು ಇನ್ನೂ ನಾಲ್ಕು ಜನ ಸೇರಿದರು, ಒಬ್ಬ ಬಾರಿಸಲು ಹಲಗೆಯನ್ನೂ ತಂದ. ಲಗಮವ್ವ ಊರೆಲ್ಲ ಸುತ್ತಿ ಮನೆಯ ಬಾಗಿಲಿಗೆ ಬಂದು, "ಈ ಊರಾಗ ಒಬ್ಬರಿಗೂ ನೀರಡಕಿ ಇಲ್ಲ!" ಎಂದು ಬೇಸರದಿಂದ ಗಡಿಗೆ ಇಳಿಸಿ ಹಿಂದೆ ತಿರುಗಿದಳು. ಏದುಸಿರು ಬಿಡುತ್ತ ಹತ್ತೊಂಬತ್ತು ಜನ ನಿಂತಿದ್ದರು. ಎಲ್ಲರಿಗೂ ಹಾಕಿಕೊಟ್ಟಳು. ಮರುದಿನ ಮಾತ್ರ ಯಾರೂ ಬರಲಿಲ್ಲ. ಮಜ್ಜಿಗೆಗಾಗಿ ಅಷ್ಟು ಓಡುವುದು ಯಾರಿಂದಾದೀತು?

ಎರಡು ದಿನ ಅವಳು ಗೋಡೆಗೆ ಒರಗಿ ಕುಳಿತಳು. ಮೂರನೆಯ ದಿನ ಪಾಂಡಪ್ಪನಿಗೆ ಬುತ್ತಿ ಕೊಡಲು ಕಾರ್ಖಾನೆಗೆ ಹೋದಾಗ ಒಂದು ಸೋಜಿಗ ಕಂಡಿತು. ಆಯಿಲ್ ಎಂಜಿನ್ನಿನ ಪಟ್ಟಾ ತಿರುಗುತ್ತಿತ್ತು, ಹದಿನಾರು ಮಗ್ಗಗಳು ಬಡಿಯುತ್ತಿದ್ದವು, ನೆಲ ಅವಳ ಅಂಗಾಲಿನಲ್ಲಿ ಗಡಗಡ ಎನ್ನುತ್ತಿತ್ತು. ಚಹಾದಂಗಡಿಯವನು ಒಬ್ಬ ನೇಕಾರನ ಕಿವಿಗೆ ಬಾಯಿ ಹಚ್ಚಿ ಒದರುತ್ತಿದ್ದ, ನೇಕಾರ ಅವನ ಕಿವಿಗೆ ಒದರುತ್ತಿದ್ದ. ಇಬ್ಬರ ಕೊರಳ ನರ ಉಬ್ಬಿದ್ದವು. ಕೊನೆಗೆ ಚಹಾ ಕೇಳಿದವನಿಗೆ ಬೀಡಿ ಬಂತು, ಬೀಡಿ ಕೇಳಿದವನಿಗೆ ಏನೂ ಬರಲಿಲ್ಲ. ಲಗಮವ್ವ ಬಾಗಿಲಲ್ಲೇ ನಿಂತು ನೋಡಿದಳು. ಇಲ್ಲಿ ಎಲ್ಲರಿಗೂ ತನ್ನಷ್ಟೇ ಕೇಳುತ್ತದೆ!

ಮರುದಿನ ಗಡಿಗೆ ಹೊತ್ತು ಸಾವಕಾರ ಮಹಾಲಿಂಗಪ್ಪನ ಮುಂದೆ ನಿಂತಳು.

"ಸಾವಕಾರ್ರ, ನಿಮ್ಮ ಮಂದಿಗೆ ಮಜ್ಜಿಗಿ ಕೊಡ್ತೇನ್ರಿ. ಮಗ್ಗಾ ನಿಂದ್ರಸೂದು ಬ್ಯಾಡ."

ಹದಿನಾರು ಮಗ್ಗದ ಸದ್ದನ್ನು ಸೀಳಿಕೊಂಡು ಬಂದ ಆ ದನಿಗೆ ಮಹಾಲಿಂಗಪ್ಪ ಕುರ್ಚಿಯಿಂದ ಅರ್ಧ ಎದ್ದ. ಇಪ್ಪತ್ತು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಅವನಿಗೆ ಸ್ಪಷ್ಟವಾಗಿ ಕೇಳಿಸಿದ ಮೊದಲ ಮಾತು ಅದು. "ಆತು," ಎಂದ.

ಲಗಮವ್ವ ಎಲ್ಲ ನೇಕಾರರ ಮುಖ ಕಾಣುವಂತೆ ಎದುರಿನ ಗೋಡೆಗೆ ಗಡಿಗೆ ಇಟ್ಟು, ಗುರುತುಗಳನ್ನು ಕಲಿಸಿದಳು. ಹೆಬ್ಬೆರಳನ್ನು ಬಾಯಿಗೆ ಹಿಡಿದರೆ ಉಪ್ಪು ಹಾಕಿದ ಸಾದಾ ಮಜ್ಜಿಗೆ. ಕಿವಿ ಮುಟ್ಟಿಕೊಂಡರೆ ಹಸಿಮೆಣಸಿನಕಾಯಿ, ಶುಂಠಿ ಜಜ್ಜಿದ್ದು. ಗಲ್ಲ ಉಬ್ಬಿಸಿದರೆ ಹೊಟ್ಟೆಯುಬ್ಬರಕ್ಕೆಂದು ಓಮ, ಇಂಗು ಹಾಕಿದ್ದು. ಮೀಸೆ ತಿರುವಿದರೆ ಒಂದಲ್ಲ, ಎರಡು ವಾಟಗ.

ವಾರದೊಳಗೆ ವ್ಯಾಪಾರ ಎಮ್ಮೆಗಳ ಶಕ್ತಿ ಮೀರಿತು. ತೊಂದರೆಯಾದದ್ದು ಯಮನಪ್ಪನೆಂಬ ನೇಕಾರನಿಗೆ ಮಾತ್ರ. ಅವನಿಗೆ ಮಾತು ಮಾತಿಗೆ ಕಿವಿ ಕೆರೆದುಕೊಳ್ಳುವ ಚಟ. ಒಂದು ತಿಂಗಳು ದಿನಕ್ಕೆ ಐದಾರು ಬಾರಿ ಅವನೆದುರಿಗೆ ಖಾರದ ಮಜ್ಜಿಗೆ ಬಂತು. ಬೇಡವೆನ್ನಲು ಸಂಕೋಚ, ಕಣ್ಣೀರು ಸುರಿಸುತ್ತ ಕುಡಿದ. ಕೊನೆಗೆ ಲಗಮವ್ವನನ್ನು ತಡೆದು, ಅವಳು ನೋಡಿ ತಿಳಿಯುವಂತೆ ತುಟಿ ಬಿಡಿಸಿ ಬಿಡಿಸಿ ಕೇಳಿದ: "ತಂಗೀ, ನಾ ನಿನಗೇನ ತಪ್ಪ ಮಾಡೇನಿ?"

"ನೀನ ಕೇಳತಿಯಲ್ಲೋ ಅಣ್ಣಾ, ಕಿವಿ ಮುಟಗೊಂಡು!"

ಅವಳು ಸಾದಾ ಮಜ್ಜಿಗೆ ಕೊಟ್ಟಳು. ಯಮನಪ್ಪ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. ಅಷ್ಟು ಹೊತ್ತಿಗೆ ಖಾರ ರೂಢಿಯಾಗಿಹೋಗಿತ್ತು. ಎಲ್ಲರೂ ನೋಡುವಂತೆ ಕಿವಿ ಹಿಡಿದುಕೊಂಡ.

ಆಗ ಎಲ್ಲ ಕಡೆ ಹೆಂಡ, ಶೆರೆ ಮಾರಬಾರದೆಂಬ ದಾರೂಬಂದಿ ಜಾರಿಯಲ್ಲಿತ್ತು. ಊರಿಗೆ ಹೊಸದಾಗಿ ಬಂದ ಫೌಜದಾರ ಅಪ್ಪಾಸಾಬರು ಕಳ್ಳಭಟ್ಟಿಯೊಂದನ್ನಾದರೂ ಹಿಡಿದೇ ತೀರಬೇಕೆಂದು ಹಟ ತೊಟ್ಟಿದ್ದರು. ಅವರ ಪೋಲೀಸ ಧರೆಪ್ಪ ಒಂದು ದಿನ ಕಾರ್ಖಾನೆಯ ಕಿಡಕಿಯಿಂದ ಇಣುಕಿದವನು ಓಡೋಡಿ ಬಂದ.

"ಸಾಹೇಬ್ರ, ಸಿಕ್ಕಿತ್ರಿ! ಹದಿನಾರ ಮಂದಿ ಹೆಬ್ಬಟ್ಟು ಬಾಯಿಗೆ ಹಿಡೀತಾರ. ಒಬ್ಬಾಕಿ ಗಡಿಗ್ಯಾಗಿಂದ ತಗದ ತಗದ ಕೊಡ್ತಾಳ. ಕುಡದ ಒಬ್ಬಾಂವ ಅಳತಾನ, ಒಬ್ಬಾಂವ ಢರ್ರಂತ ತೇಗತಾನ. ಯಾರೂ ಪಿಟ್ಟಂತ ಮಾತಾಡೂದಿಲ್ಲ. ಬರೇ ಖೂಣಾ, ಕೈಸನ್ನಿ!"

ಫೌಜದಾರರು ಸೊಲ್ಲಾಪುರದ ನೂಲಿನ ವ್ಯಾಪಾರಿಯ ವೇಷ ಹಾಕಿದರು. ಧೋತರ, ಕರೀ ಕೋಟು, ಜರಿ ರುಮಾಲು. ಬೂಟು ಬದಲಿಸಲು ಮಾತ್ರ ಮರೆತರು. ಧರೆಪ್ಪ ಮತ್ತು ಇನ್ನು ಮೂವರನ್ನು ಹೊರಗೆ ಬೇವಿನ ಮರದ ಹಿಂದೆ ನಿಲ್ಲಿಸಿ, "ನಾ ಸೀಟಿ ಊದಿದ ಕೂಡ್ಲೆ ಒಳಗ ನುಗ್ರಿ," ಎಂದು ತಾಕೀತು ಮಾಡಿ ಒಳಗೆ ಹೋದರು.

ಒಳಗೆ ಲಗಮವ್ವನ ಹತ್ತಿರ ಬಾಗಿ, ಯಾರಿಗೂ ಕೇಳದ ಹಾಗೆ, "ಮಾಲ ಐತೇನು?" ಎಂದರು. ಅವಳು ತುಟಿ ನೋಡಿ ತಿಳಿದುಕೊಂಡಳು.

"ಮಾಲಾ? ಬೇಕಾದಷ್ಟ ಐತ್ರೀ!"

ಹದಿನಾರು ಜನ ತಿರುಗಿ ನೋಡಿದರು. ಫೌಜದಾರರು ಗೊಂದಲದಲ್ಲಿ ತಮ್ಮ ರೂಢಿಯಂತೆ ಮೀಸೆ ತಿರುವಿದರು. ಎರಡು ವಾಟಗ ಬಂದವು. ಸಾಕ್ಷಿಗಾಗಿ ರುಚಿ ನೋಡಲೇಬೇಕಲ್ಲ, ಕುಡಿದರು. ಮಜ್ಜಿಗೆಯಂತೆಯೇ ಇತ್ತು. ಅಂದರೆ ಒಳಗೆ ಏನೋ ಬೆರೆಸಿದ್ದಾರೆ, ಭಾರೀ ಚಾಲಾಕಿ ಹೆಂಗಸು ಎಂದುಕೊಂಡು ಜೇಬಿನಿಂದ ಸೀಟಿ ತೆಗೆದು, ಗಲ್ಲ ಉಬ್ಬಿಸಿ ಊದಿದರು.

ಮಗ್ಗಗಳ ಆರ್ಭಟದಲ್ಲಿ ಸೀಟಿಯ ಸದ್ದು ಅವರಿಗೇ ಕೇಳಲಿಲ್ಲ. ಬೇವಿನ ಮರದ ಹಿಂದೆ ಧರೆಪ್ಪ ಕಿವಿ ನಿಮಿರಿಸಿಕೊಂಡು ಕಾಯುತ್ತಲೇ ಇದ್ದ. ಲಗಮವ್ವನ ಕಣ್ಣಿಗೆ ಕಂಡದ್ದು ಮಾತ್ರ ಉಬ್ಬಿದ ಗಲ್ಲ. ಪಾಪ, ಹೊಟ್ಟೆಯುಬ್ಬರ ಎಂದುಕೊಂಡು ಓಮ, ಇಂಗಿನ ಮಜ್ಜಿಗೆ ಕೊಟ್ಟಳು. ಫೌಜದಾರರು ಅದನ್ನು ಗಟಗಟ ಕುಡಿದು ಬಾಯಿ ಖಾಲಿ ಮಾಡಿಕೊಂಡು ಮತ್ತೆ ಊದಿದರು. ಮತ್ತೊಂದು ಬಂತು. ಮತ್ತೆ ಊದಿದರು. ಇಷ್ಟು ಹೊಟ್ಟೆಯುಬ್ಬರದ ಮನುಷ್ಯನನ್ನು ಲಗಮವ್ವ ಕಂಡೇ ಇರಲಿಲ್ಲ. ಮರುಕದಿಂದ ಇಂಗು ಹೆಚ್ಚಿಸುತ್ತ ಹೋದಳು. ಇಂಗಿನ ಏಳನೆಯ ವಾಟಗಕ್ಕೆ ಫೌಜದಾರರ ಕೋಟಿನ ಗುಂಡಿ ಹಾರಿತು.

ಮಹಾಲಿಂಗಪ್ಪನ ಕಣ್ಣು ಆಗ ಬೂಟಿನ ಮೇಲೆ ಬಿತ್ತು. ಅವನು ಓಡಿಹೋಗಿ ಎಂಜಿನ್ ನಿಲ್ಲಿಸಿದ. ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಆ ನಿಶ್ಶಬ್ದದಲ್ಲಿ ಎಂಟನೆಯ ಸೀಟಿ "ಪೀಽಽ" ಎಂದು ಕೂಗಿದ್ದೇ ತಡ, ಎಲ್ಲರೂ ನಿಂತಲ್ಲೇ ಜಿಗಿದರು. ಫೌಜದಾರರೂ ಜಿಗಿದರು.

ಪೋಲೀಸರು ನುಗ್ಗಿದರು. ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಲಗಮವ್ವ ಈ ತುಟಿ ನೋಡಿದಳು, ಆ ತುಟಿ ನೋಡಿದಳು, ಒಂದೂ ಹಿಡಿತಕ್ಕೆ ಸಿಗಲಿಲ್ಲ. ತಿಂಗಳುಗಟ್ಟಲೆ ಅವಳ ಜೊತೆ ಕೈಯಲ್ಲಿ ಮಾತಾಡಿದ ಜನ ಎಂಜಿನ್ ನಿಂತ ಕೂಡಲೇ ಬಾಯಿಗೆ ಮರಳಿದ್ದರು. ಗಡಿಗೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ಗೋಡೆಗೆ ಒತ್ತಿ ನಿಂತಳು. ಆಗ ಪಾಂಡಪ್ಪ ನೂಲಿನ ಗಂಟು ಕೆಳಗೆ ಎಸೆದು ಬಂದು ಅವಳ ಮುಖದ ಮುಂದೆ ನಿಂತ. ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದ: "ಅಂಜಬ್ಯಾಡ. ನೀ ಶೆರೆ ಮಾರಾಕತ್ತಿ ಅಂತಾರ ಇವರು."

ಲಗಮವ್ವನ ಅಂಜಿಕೆ ಒಂದೇ ಗಳಿಗೆಯಲ್ಲಿ ಹೋಯಿತು. "ಶೆರೆ?" ಎಂದಳು. ಕಿಡಕಿಯ ಮೇಲಿನ ಪಾರಿವಾಳಗಳು ಹಾರಿದವು.

ಫೌಜದಾರರಿಗೆ ಹಿಂದೆ ಸರಿಯುವಂತಿರಲಿಲ್ಲ. ಪಂಚನಾಮೆ ಮಾಡಿ, ಮಜ್ಜಿಗೆಯನ್ನು ಸೀಸೆಗೆ ತುಂಬಿ, ಬೂಚು ಜಡಿದು, ಅರಗಿನ ಮುದ್ರೆ ಹಾಕಿ ಪರೀಕ್ಷೆಗೆಂದು ಜಮಖಂಡಿಯ ಅಬಕಾರಿ ಸಾಹೇಬರಿಗೆ ಕಳಿಸಿದರು. ಬಿಸಿಲಲ್ಲಿ ಕುಲುಕುತ್ತ ಹೋದ ಸೀಸೆ ಎರಡು ದಿನ ಮೇಜಿನ ಮೇಲೆ ಕುಳಿತು, ಮೂರನೆಯ ದಿನ ಸಾಹೇಬರು ಸಹಿ ಮಾಡುತ್ತಿದ್ದಾಗ ಢಬ್ ಎಂದು ಬೂಚು ಹಾರಿಸಿತು. ಬೂಚು ತೊಲೆಗೆ ಬಡಿಯಿತು, ಮಜ್ಜಿಗೆ ಸಾಹೇಬರ ಕನ್ನಡಕಕ್ಕೆ. ಅವರು ತುಟಿಯ ಮೇಲಿದ್ದುದನ್ನು ನೆಕ್ಕಿ ನೋಡಿ ಕಾಗದದ ಮೇಲೆ ಬರೆದರು: "ಇದು ಮಜ್ಜಿಗೆ. ಹುಳಿ ಜಾಸ್ತಿ."

ನಿರ್ದೋಷಿಯೆಂದು ತಿಳಿಸಲು ಧರೆಪ್ಪ ಆ ಕಾಗದವನ್ನು ತಂದು ಓದಿದ. ಪಾಂಡಪ್ಪ ಅದನ್ನು ಹೆಂಡತಿಗೆ ತುಟಿ ಬಿಡಿಸಿ ಹೇಳಿದ. ಮೊದಲ ಮಾತಿಗೆ ಲಗಮವ್ವ ನಕ್ಕಳು, ಎರಡನೆಯದಕ್ಕೆ ಕೆಂಪಾದಳು. ಮರುದಿನ ಬೆಳಗಿನ ಮೋಟಾರಿಗೆ ತೊಡೆಯ ಮೇಲೆ ಗಡಿಗೆ ಇಟ್ಟುಕೊಂಡು ಜಮಖಂಡಿಗೆ ಹೋದಳು.

"ನನ್ನ ಮಜ್ಜಿಗಿ ಹುಳಿ ಅಂದಾವ್ರು ಯಾರ್ರೀ?"

ಕಚೇರಿಯಲ್ಲಿ ಇದ್ದಬದ್ದ ಕಾರಕೂನರೆಲ್ಲ ಎದ್ದು ನಿಂತರು. ಸಾಹೇಬರು ಏನೋ ಹೇಳಹೊರಟರು. ಲಗಮವ್ವ ಅವರ ಬಾಯಿಗೆ ವಾಟಗ ಹಿಡಿದಳು.

"ಮೂರ ದಿನದ್ದ ಕುಡದ ಮೂಗ ಮುರೀಬ್ಯಾಡ್ರಿ. ಇವತ್ತಿಂದ ಕುಡದ ನೋಡ್ರಿ!"

ಸಾಹೇಬರು ಕುಡಿದರು. ಮಗದೊಂದು ಕುಡಿದರು. ಮೂರನೆಯದು ಮುಗಿಸಿ ಕನ್ನಡಕ ಒರೆಸಿಕೊಂಡು, ನಾಳೆಯಿಂದ ಇಲ್ಲಿಗೂ ತರಬಹುದೇ ಎಂದು ಕೇಳಿದರು. ಹಾಗೆ ಜಮಖಂಡಿಯ ಕಚೇರಿಯ ಕಟ್ಟೆಯ ಮೇಲೆ ಅವಳ ಎರಡನೆಯ ಅಂಗಡಿ ಆಯಿತು.

ಮೂರನೆಯದು ಮುಧೋಳದಲ್ಲಿ. ಅದನ್ನು ನೋಡಿಕೊಳ್ಳಲು ಅನಗವಾಡಿಯ ಹೊಳೆವ್ವ ಬಂದಳು. ಹೊಳೆವ್ವನಿಗೆ ಮಾತು ತಡೆಯುತ್ತಿತ್ತು. ಅವಳು "ಮ... ಮ..." ಎನ್ನುವಷ್ಟರಲ್ಲಿ ಜನ ತಾವೇ ಮಾತು ಮುಗಿಸಿ, ಅದನ್ನೂ ತಪ್ಪಾಗಿ ಮುಗಿಸಿ, ನಗುತ್ತಿದ್ದರು. ಲಗಮವ್ವನ ಅಂಗಡಿಯಲ್ಲಿ ಮಾತಿನ ಕೆಲಸವೇ ಇರಲಿಲ್ಲ. ಗಿರಾಕಿಯೇನಾದರೂ ಬಾಯಿ ತೆರೆದರೆ ಹೊಳೆವ್ವ ಗತ್ತಿನಿಂದ ಅಂಗಡಿಗೆ ತೂಗುಹಾಕಿದ ಮರದ ಹಲಗೆಯತ್ತ ಬೆರಳು ತೋರಿಸುವಳು. ಹಲಗೆಯ ಮೇಲೆ ಚಿತ್ರಗಾರ ನೀಲಕಂಠ ಅಕ್ಷರವಿಲ್ಲದೆ ನಾಲ್ಕು ಮುಖ ಬರೆದಿದ್ದ. ಮೊದಲ ಮುಖ ಹೆಬ್ಬೆರಳನ್ನು ಬಾಯಿಗೆ ಹಿಡಿದಿತ್ತು. ಅದನ್ನು ಕಂಡು ದಾರೂಬಂದಿಯಿಂದ ಗಂಟಲೊಣಗಿದ ಹಲವರು ದೂರದೂರಿಂದ ಆಸೆಪಟ್ಟು ಬಂದರು. ಬಂದ ಮೇಲೆ ನಾಚಿಕೆಗೆ ಒಂದೊಂದು ವಾಟಗ ಕುಡಿದು ಹೋದರು. ಅವರಲ್ಲಿ ಅರ್ಧ ಜನ ಮತ್ತೆ ಬಂದರು.

ಐವತ್ತಾರರಲ್ಲಿ, ಮುಂಬಯಿ ಸರಕಾರ ಹೋಗುವ ಮಾತು ನಡೆದಿದ್ದಾಗ, ಹನ್ನೊಂದು ಎಮ್ಮೆಗಳ ಒಡತಿ ಲಗಮವ್ವ ಬೀಳಗಿಯಲ್ಲಿ ನಾಲ್ಕನೆಯ ಅಂಗಡಿ ತೆರೆದಳು. ಮೊದಲ ದಿನವೇ ಜನ ಕಿಕ್ಕಿರಿದರು. ಕುಡಿದರು, ತಲೆಯಾಡಿಸಿದರು. ಮರುದಿನ ಒಬ್ಬೊಬ್ಬರೂ ತಮ್ಮ ಮನೆಯ ಮಜ್ಜಿಗೆ ತಂದು, "ನಮ್ಮದೂ ಒಂದೀಟ ರುಚಿ ನೋಡಬೇ ಯವ್ವಾ," ಎಂದು ಅವಳ ಮುಂದೆ ಇಟ್ಟರು. ಮುತ್ತವ್ವ ಎಂಬ ಮುದುಕಿಯಂತೂ ದಿನವೂ ಬಂದು, ಲಗಮವ್ವ ಪೂರ್ತಿ ಕುಡಿದು ಮುಗಿಸುವತನಕ ಎದುರಿಗೇ ಕುಳಿತಿರುತ್ತಿದ್ದಳು. ಬೇಡವೆಂದರೆ ಅಳುಮೋರೆ ಮಾಡುವಳು. ಒಂದು ತಿಂಗಳಲ್ಲಿ ಲಗಮವ್ವ ಮಾರಿದ್ದಕ್ಕಿಂತ ಕುಡಿದದ್ದೇ ಹೆಚ್ಚಾಯಿತು.

ಅಂಗಡಿ ಮುಚ್ಚಿ ಬನಹಟ್ಟಿಗೆ ಬಂದಾಗ, ಏನಾಯಿತೆಂದು ಪಾಂಡಪ್ಪ ಹುಬ್ಬು ಹಾರಿಸಿ ಕೇಳಿದ. ಲಗಮವ್ವ ಹೊಟ್ಟೆಯ ಮೇಲೆ ಕೈ ಆಡಿಸಿಕೊಂಡು, ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು:

"ಬೀಳಗಿ ಮಂದಿ ಭಾಳ ಛಲೋ ಅದಾರ್ರಿ. ಆದ್ರ ಗಿರಾಕಿ ಅಲ್ಲ, ಬೀಗರು."